ಮುಖ್ಯ ಅತಿಥಿ ತೆಗೆದ ಫೋಟೋ

ಗೆಳೆಯರೇ, ಇವತ್ತು ಬೆಳಿಗ್ಗೆ ಗಡಹಿಂಗ್ಲಜದಲ್ಲಿ ಒಂದು ಪ್ರೇಮ ಕಾದಂಬರಿಯ ಎರಡನೇ ಭಾಗ ಬಿಡುಗಡೆಯಾಯಿತು. ಮೊದಲ ಭಾಗದಲ್ಲಿ ನಾಯಕಿಗೆ ಹೆಸರಾಂತ ನಟ ಗಂಡನಾಗಿ ಸಿಕ್ಕಿದ್ದ. ಈ ಭಾಗದಲ್ಲಿ ಅವನ ಪ್ರೀತಿ ಉಳಿಸಿಕೊಳ್ಳುವುದು ಹೇಗೆಂಬ ಮುನ್ನೂರು ಪುಟಗಳ ಉಪದೇಶವಿದೆ.

ಮುಖ್ಯ ಅತಿಥಿ ನಮ್ಮ ಶಾಂತಕ್ಕ, ಕೊಲ್ಹಾಪುರದ ಪ್ರಸಿದ್ಧ ಪೈಲ್ವಾನರ ಹೆಂಡತಿ. ಇಪ್ಪತ್ತು ವರ್ಷದ ಸಂಸಾರದ ಅನುಭವ ಹೇಳಲೆಂದು ಎರಡು ಹಾಳೆ ಬರೆದು ತಂದಿದ್ದಳು. ಆದರೆ ಜೊತೆಗೆ ಬಂದ ಪೈಲ್ವಾನರನ್ನು ಕಂಡದ್ದೇ ತಡ, ಸಂಘಟಕರು ಅವರನ್ನು ವೇದಿಕೆಗೆ ಎಳೆದೊಯ್ದರು. ಹಾರ ಅವರಿಗೆ, ಪೇಟ ಅವರಿಗೆ. ಶಾಂತಕ್ಕನ ಕೈಗೆ ಸಂಘಟಕರ ಮೊಬೈಲು.

"ವೈನಿ, ನಮ್ಮೆಲ್ಲಾರದೂ ಒಂದ ಫೋಟೋ ತಗೀರಿ. ನಿಮ್ಮ ಮಾತು ಮುಂದಿನ ಸಲ ಕೇಳೂಣು, ಊಟ ಆರತೈತಿ," ಎಂದು ಸಂಘಟಕರೊಬ್ಬರು ಅತ್ತಿಗೆಯನ್ನು ಮಾತಾಡಿಸುವ ಸಲಿಗೆಯಲ್ಲಿ ಹೇಳಿದರು.

ಶಾಂತಕ್ಕ ಫೋಟೋ ತೆಗೆದಳು. ಮೊಬೈಲು ಮಾತ್ರ ಕೊಡಲಿಲ್ಲ. ಹಿಡಿದುಕೊಂಡೇ ಮೈಕಿನ ಮುಂದೆ ನಿಂತಳು.

"ಮೊದಲ ನನ್ನ ಮಾತು, ಆಮ್ಯಾಲ ನಿಮ್ಮ ಫೋನು. ಈ ಪುಸ್ತಕದಾಗಿನ ಹುಡುಗಿ ಗಂಡನ ಹಾದಿ ಕಾಯ್ಕೋತ ಕುಂತಾಳ. ಅದನ್ನ ಪ್ರೀತಿ ಅಂತ ಬರದಾರ. ಏನ್ರೀ ಪೈಲ್ವಾನ್ರ, ನೀವು ಒಂದ ದಿನಾರ ನನ್ನ ಹಾದಿ ಕಾದೀರೇನು?"

ಎಂಥೆಂಥವರನ್ನೋ ಚಿತ್ ಮಾಡಿದ ಪೈಲ್ವಾನರು ಹಾರದ ಹೂ ಎಣಿಸುತ್ತ ಕುಳಿತರು. ಎರಡೂ ಹಾಳೆ ಮುಗಿಯುವವರೆಗೆ ಯಾರೂ ಊಟದ ಸುದ್ದಿ ಎತ್ತಲಿಲ್ಲ.

ಈಗಷ್ಟೇ ಸಂಘಟಕರ ವರದಿ ಬಂತು: 'ಪೈಲ್ವಾನರ ಪತ್ನಿಯೂ ಮಾತನಾಡಿದರು.' ಹೆಸರು ಬರೆಯುವಷ್ಟರಲ್ಲಿ ಪಾಪ, ಬೆರಳು ನೋವು ಬಂದಿರಬೇಕು. ಫೋಟೋ ಮಾತ್ರ ಚೆನ್ನಾಗಿ ಬಂದಿದೆ. ಅದರಲ್ಲಿ ಎಲ್ಲರೂ ಇದ್ದಾರೆ, ಮುಖ್ಯ ಅತಿಥಿಯೊಬ್ಬಳನ್ನು ಬಿಟ್ಟು.