ಯುದ್ಧದ ಗೇಮಿನೊಳಗೆ ಬುತ್ತಿ ಹೊತ್ತವಳನ್ನು ನಡೆಸಿದ ದಾವಲ್

ನಂಬಲು ಆಗುತ್ತಿಲ್ಲ…

ಬೆಳಿಗ್ಗೆ ಅಂಗಳದಲ್ಲಿ ನಿಂತಿದ್ದೆ.
ನಿಂಬೆ ಗಿಡದ ನೆರಳು ಗೋಡೆಯ ಮೇಲೆ ತಡೆತಡೆದು ಅಲುಗುತ್ತಿತ್ತು… ಹಳೆಯ ಕಂಪ್ಯೂಟರಿನಲ್ಲಿ ಗೇಮ್ ಸಿಕ್ಕಿಕೊಂಡ ಹಾಗೆ.
ದಾವಲ್‌ಗೆ ಹೇಳಬೇಕು, ನಗುತ್ತಾನೆ ಅಂದುಕೊಂಡೆ.
ಅಷ್ಟರಲ್ಲಿ ಅವನ ಅಕ್ಕ ಶಬಾನಾಳ ಫೋನ್ ಬಂತು.

ಕಾಮಾಲೆ ಅಂತ ಆಸ್ಪತ್ರೆ ಸೇರಿದ್ದ. ಇಳಿಯುತ್ತಿದೆ ಅಂದಿದ್ದರು.
ನಸುಕಿನಲ್ಲಿ ಹೋಗಿಬಿಟ್ಟನಂತೆ…

ನಿಮ್ಮಲ್ಲಿ ಬಹಳ ಜನರಿಗೆ ಅವನು ಸಿಂದಗಿಯ ಮದುವೆ ವಿಡಿಯೋ ಎಡಿಟರ್.
ನಿಮ್ಮ ಅಕ್ಕತಂಗಿಯರ ಆಲ್ಬಮ್ಮಿನಲ್ಲಿ ಹೂವಿನ ಮಳೆ ಸುರಿಸಿದವನು.
ನನಗೆ ಗೊತ್ತಿದ್ದ ದಾವಲ್ ಬೇರೆ.

ಅವನು ಯುದ್ಧದ ವಿಡಿಯೋ ಗೇಮಿನೊಳಗೆ ಕಿರುಚಿತ್ರ ಮಾಡುತ್ತಿದ್ದ.
ಅವನು ಸಿಂದಗಿಯಲ್ಲಿ, ನಾನು ಇಂಡಿಯಲ್ಲಿ… ಭೇಟಿ ಗೇಮಿನ ಬಿಸಿಲಲ್ಲಿ.
ಅವನ ಪಾತ್ರದ ಕಣ್ಣೇ ಕ್ಯಾಮೆರಾ.
ನನ್ನ ಪಾತ್ರ, ಸೈನಿಕ ವೇಷದ ಒಂದು ಹೆಣ್ಣು, ಹೊಲಕ್ಕೆ ಬುತ್ತಿ ಒಯ್ಯುವವಳಂತೆ ನಡೆಯಬೇಕು. ಅಷ್ಟೇ.

ಬಂದೂಕು ಕೆಳಗೆ ಹಾಕಿಸಿದ.
ಯಾವುದೋ ದೇಶದ ಗೋಧಿ ಹೊಲಕ್ಕೆ ಬಣ್ಣ ಬದಲಿಸಿ ಆಲಮೇಲದ ಜೋಳ ಮಾಡಿದ.
ಬೆಳಕಿಗೆ ಎದುರಾಗಿ ಹಿಡಿದರೆ ಅವಳ ಹೆಲ್ಮೆಟ್ಟೇ ಬುತ್ತಿಯ ಗಂಟು…

ಆದರೆ ಆ ಗೇಮಿನಲ್ಲಿ ಬರಿಗೈಯವರನ್ನೂ ಬಿಡುವುದಿಲ್ಲ. ಎಲ್ಲಿಂದಲೋ ಗುಂಡು ಬರುತ್ತದೆ.
ಅದಕ್ಕೇ ಪ್ರತಿ ಶಾಟ್‌ಗೂ ಮೊದಲು ತಾನು ಮುಂದೆ ಹೋಗಿ, ಅಡಗಿದವರನ್ನೆಲ್ಲ ಹೊಡೆದು ಬಂದು, ಹೆಡ್‌ಫೋನಿನಲ್ಲಿ ಕರೆಯುತ್ತಿದ್ದ.
"ಹಾದಿ ಖಾಲಿ ಐತಿ, ಬಾರವಾ. ಮಿಲ್ಟ್ರಿಯಾಕಿ ಹಂಗ ನಡೀಬ್ಯಾಡ."
"ಆಕಿ ಮಿಲ್ಟ್ರಿಯಾಕೀನ ಅಲ್ಲೇನೋ?"
"ಈಗ ಅಲ್ಲ. ಈಗ ಆಕಿಗಿ ರೊಟ್ಟಿ ಆರತಾವ ಅನ್ನೂದೊಂದ ಚಿಂತಿ."

ಅವಳು ನಡೆಯುತ್ತಿರುವಾಗಲೇ ಚಿತ್ರ ಮುಗಿಯುತ್ತಿತ್ತು.
ಅವಳು ಹೊಲ ಮುಟ್ಟುವುದನ್ನು ತೋರಿಸಬಾರದು, ಅದೇ ಪ್ರಯೋಗ ಅನ್ನುತ್ತಿದ್ದ.

ದಾವಲ್… ಬಾಗೇವಾಡಿಯ ಮದುವೆ ನೆನಪಿದೆಯೇನೋ?
ಎರಡು ಫೈಲಿಗೂ 'ಫೈನಲ್' ಅಂತಲೇ ಹೆಸರಿಟ್ಟಿದ್ದೆ ನೀನು.
ಮದುಮಕ್ಕಳ ಹಾಡು ಬರಬೇಕಾದ ಎಲ್‌ಇಡಿ ಪರದೆಯ ಮೇಲೆ ನಮ್ಮ ಬುತ್ತಿಯವಳು ನಡೆದುಬಂದಳು!
ಮದುಮಗಳ ಗೆಳತಿಯಾಗಿ ಬಂದಿದ್ದ ನಾನು ಕಂಬದ ಹಿಂದೆ ಸರಿದೆ.
"ಲೇ ದಾವಲ್, ನಮ್ಮ ಹುಡುಗ ಎಲ್ಲಿ ಅದಾನಲೇ?" ಅಂತ ಮದುಮಗನ ಅಪ್ಪ ಕೂಗಿದರು.
"ಹಿಂದ ಬರಾಕತ್ತಾನ್ರಿ ಕಾಕಾ!" ಅಂದೆ ನೀನು, ಮೌಸ್ ಹುಡುಕುತ್ತಾ…

ಕೊನೆಗೂ ನಿಲ್ಲಿಸಿದೆ.
ಮುಂದಿನ ಸಾಲಿನ ಅಜ್ಜಿಯೊಬ್ಬಳು ನಿನ್ನ ಅಂಗಿ ಹಿಡಿದಳು.
"ಯಾಕ ತಗದ್ಯೋ ಅದನ್ನ? ಆಕಿ ಹೊಲಾ ಮುಟ್ಟಿದಳೋ ಇಲ್ಲೋ? ಅಲ್ಲಿ ಒಬ್ಬಾಂವ ಹಸದ ಕುಂತಿರತಾನಲ್ಲೋ!"


ಆ ವಾರವೇ ನೀನು ಹೇಳಿದೆ, "ಪ್ರಯೋಗ ಗಿಯೋಗ ಸಾಕು. ಆಕೀನ್ನ ಮುಟ್ಟಸೂಣು."
ಮತ್ತೆ ಶೂಟ್ ಮಾಡುತ್ತಾ ಬಂದೆವು. ಅಷ್ಟರಲ್ಲಿ ನಿನ್ನ ಕಣ್ಣು ಹಳದಿಯಾಯಿತು.
ಆಸ್ಪತ್ರೆಯಿಂದ ವಾಯ್ಸ್ ಮೆಸೇಜ್ ಕಳಿಸಿದ್ದೆ…
"ಹಳ್ಳ ಒಂದ ದಾಟೂದು ಉಳದೈತಿ. ನಾ ಬರೂತನಕ ಒಬ್ಬಾಕೀನ ಹೋಗಬ್ಯಾಡ, ಹೊಡದ ಬಿಡತಾರ."

ಅವಳಿನ್ನೂ ಹಳ್ಳದ ಈಚೆಯೇ ನಿಂತಿದ್ದಾಳೆ ದಾವಲ್…

ನಮ್ಮ ಚಿತ್ರಗಳನ್ನು ನೋಡುವ ಮುದ್ದೇಬಿಹಾಳದ ಗೆಳೆಯರು ಗ್ರೂಪಿನಲ್ಲಿ ಬರೆದಿದ್ದಾರೆ.
ಚಿತ್ರವನ್ನು ಅಲ್ಲಿಗೇ ನಿಲ್ಲಿಸಿ, ಅವನ ಫೋಟೋ ಇಟ್ಟು, ಮ್ಯೂಸಿಕ್ ಹಾಕಿ ಅಪ್‌ಲೋಡ್ ಮಾಡೋಣ ಅಂತ.
ಪ್ರೀತಿಯಿಂದಲೇ ಹೇಳಿದ್ದಾರೆ. ನಾನಿನ್ನೂ ಉತ್ತರ ಕೊಟ್ಟಿಲ್ಲ.

ಮಧ್ಯಾಹ್ನ ಸಿಂದಗಿಯ ಮನೆಯಲ್ಲಿ ಹೆಂಗಸರ ನಡುವೆ ಕುಳಿತಿದ್ದೆ. ಗಂಡಸರು ಅವನನ್ನು ಒಯ್ದಾಗಿತ್ತು.
ಶಬಾನಕ್ಕ ಪಕ್ಕಕ್ಕೆ ಬಂದು ನನ್ನ ಕೈ ಹಿಡಿದಳು.
"ಗೇಮ್ ಆಡಿ ಕಣ್ಣ ಕೆಡಸ್ಕೋತಿ ಅಂತ ದಿನಾ ಬೈತಿದ್ನಿ ಅವಗ…"

ಆಮೇಲೆ ಕೇಳಿದಳು, "ಆಕೀನ್ನ ನಡಸೂದು ಯಾವ ಬಟನ್ನವಾ?"


ಈಗ ಇಂಡಿಯ ಬಸ್ಸಿನಲ್ಲಿ ಕುಳಿತು ಇಷ್ಟು ಬರೆಯುವಷ್ಟರಲ್ಲಿ ಮನಸ್ಸು ಗಟ್ಟಿಯಾಗಿದೆ.

ಫೋಟೋ ಬೇಡ, ಮ್ಯೂಸಿಕ್ ಬೇಡ. ಅಲ್ಲಿಗೇ ನಿಲ್ಲಿಸುವುದೂ ಬೇಡ.
ನಡೆಸುವುದನ್ನು ಶಬಾನಕ್ಕನಿಗೆ ಕಲಿಸುತ್ತೇನೆ.
ಇಲ್ಲಿಯವರೆಗೆ ಒಂದು ಗುಂಡೂ ಹಾರಿಸದ ನಾನು ಗುರಿ ಇಡುವುದನ್ನು ಕಲಿಯುತ್ತೇನೆ.
ಕಲಿತು, ದಾವಲ್‌ನ ಜಾಗದಲ್ಲಿ ನಾನೇ ಬುತ್ತಿಯವಳಿಗಿಂತ ಮೊದಲು ಹಳ್ಳ ದಾಟುತ್ತೇನೆ.

ನೀನು ದಣಿವಾರಿಸಿಕೋ ದಾವಲ್…
ಹೋದಲ್ಲಿ ನಿನ್ನ ಜೀವ ತಣ್ಣಗಿರಲಿ.