ರಮಾಮಣಿ ಬಿಡಿಸಿದ ದಪ್ಪಕ್ಷರ

ರಮಾಮಣಿ ಮೂವತ್ತೊಂದು ವರ್ಷ ಮುಂಬೈಯ ಜೋಗೇಶ್ವರಿಯ ಪಂಪು ಕಾರ್ಖಾನೆಯೊಂದರಲ್ಲಿ ಯಂತ್ರಗಳ ನಕ್ಷೆ ಬರೆದವರು. ಮಂಡ್ಯದಿಂದ ಮದುವೆಯಾಗಿ ಆಂಟಾಪ್ ಹಿಲ್‌ಗೆ ಬಂದ ವರ್ಷವೇ ಆ ಕೆಲಸಕ್ಕೆ ಸೇರಿದ್ದರು. ಅವರು ಎಳೆದ ಗೆರೆಯನ್ನು ಯಾರೂ ಎರಡನೇ ಸಲ ಅಳೆಯುತ್ತಿರಲಿಲ್ಲ.

ನಿವೃತ್ತಿಯಾದ ಮರುವರ್ಷ ಕಾರ್ಖಾನೆಯಿಂದ ಫೋನು ಬಂತು. ಗದಗಕ್ಕೆ ಹೋಗುವ ಮರದ ಪೆಟ್ಟಿಗೆಗಳ ಮೇಲೆ ಕನ್ನಡದಲ್ಲಿ ಬರೆಯಬೇಕಂತೆ. ಕಂಪ್ಯೂಟರಿನ ಅಕ್ಷರಗಳನ್ನೇ ತಗಡಿನಲ್ಲಿ ಕೊರೆಸಿ ಸ್ಟೆನ್ಸಿಲ್ ಮಾಡಿ ನೋಡಿದ್ದರು. 'ಪಂಪು ಮೋಟಾರು' ಎಂಬಲ್ಲಿ ಸೊನ್ನೆಯ ಒಳಭಾಗವೂ 'ರು'ವಿನ ಹೊಟ್ಟೆಯೂ ಕಳಚಿಬಿದ್ದು, ಬಣ್ಣ ಹೊಡೆದರೆ ಬರೀ ಕಪ್ಪು ಉಂಡೆ ಕಾಣುತ್ತಿತ್ತು.

"ಒಳಗಿನ ತುಂಡು ಬೀಳದ ಹಾಗೆ ತಗಡಿನ ಪಟ್ಟಿ ಬಿಡ್ಬೇಕು. ನಾನು ಬರ್ಕೊಡ್ತೀನಿ," ಎಂದರು ರಮಾಮಣಿ.

ಗ್ರಾಫ್ ಹಾಳೆಯ ಮೇಲೆ ದಪ್ಪನೆಯ, ಚಪ್ಪಟೆ ತಳದ ಅಕ್ಷರಗಳನ್ನು ಬಿಡಿಸಿ, ತಗಡಿನ ಪಟ್ಟಿ ಉಳಿಯಲೆಂದು ಪ್ರತಿಯೊಂದರ ಬುಡದ ನಡುವೆ ಒಂದು ಸಂದು ಬಿಟ್ಟರು. ಕಾರ್ಖಾನೆಯಲ್ಲಿ ಪೆಟ್ಟಿಗೆಗಳಿಗೆ ಬಣ್ಣ ಹೊಡೆಯುವ ವಿಜಯಪುರದ ಬಂಡೆಪ್ಪ ಮೊದಲ ಪೆಟ್ಟಿಗೆ ನೋಡಿ ತಲೆ ಕೆರೆದುಕೊಂಡ.

"ಅಕ್ಕಾರ, ಇದು ಬಿಡಿಭಾಗ ಅಲ್ರಿ, ಭಿಢಿಭಾಗ ಆಗ್ಯಾದ. ಬುಡದಾಗ ಸೀಳಿದ್ರ ಮಹಾಪ್ರಾಣ ಆಗ್ತದ."

"ಹೌದಲ್ಲಪ್ಪಾ!" ರಮಾಮಣಿ ಜೋರಾಗಿ ನಕ್ಕರು. ತಪ್ಪು ಎಲ್ಲಿದೆ ಎಂದು ತಿಳಿದ ಮೇಲೆ ತಿದ್ದುವುದು ಅವರಿಗೆ ಕಷ್ಟವೇ ಅಲ್ಲ. ಸಂದನ್ನು ಬುಡದಿಂದ ಎತ್ತಿ, ಬರೆಯುವಾಗ ಕೈ ತಿರುಗುವ ಪಕ್ಕಕ್ಕೆ ಓರೆಯಾಗಿ ಇಟ್ಟರು. ಈ ಸಲ ಬಂಡೆಪ್ಪ ಹತ್ತು ಹೆಜ್ಜೆ ದೂರದಿಂದ ತಡವರಿಸದೆ ಓದಿದ. ಪೆಟ್ಟಿಗೆಗಳು ಲಾರಿ ಹತ್ತಿದವು.

ಅವರ ಅಣ್ಣನ ಮಗಳು ಶ್ರೇಯಾಗೆ ಅಂಧೇರಿಯಲ್ಲಿ ಸಿನಿಮಾ ಸೆಟ್ಟುಗಳನ್ನು ಸಜ್ಜುಗೊಳಿಸುವ ಕೆಲಸ. ಒಂದು ಭಾನುವಾರ ಬಂದವಳು ಹಾಳೆಗಳನ್ನು ನೋಡಿ ಬಿಡಲೇ ಇಲ್ಲ.

"ಅತ್ತೆ, ಏಕ್‌ದಮ್ ಸಾಲಿಡ್ ಇದೆ! ನೀವು ಎಲ್ಲಾ ಲೆಟರ್ಸ್ ಡ್ರಾ ಮಾಡಿ, ನಾನು ಫಾಂಟ್ ಮಾಡ್ತೀನಿ."

ಕಾಗುಣಿತ, ಒತ್ತಕ್ಷರಗಳೆಲ್ಲ ಸೇರಿ ಏಳು ತಿಂಗಳು ಹಿಡಿಯಿತು. ಮುಗಿದೊಡನೆ ಶ್ರೇಯಾ ಆ ಫಾಂಟನ್ನು ಕನ್ನಡ ಚಿತ್ರವೊಂದರ ಬಂದರಿನ ಗೋದಾಮಿನ ಸೆಟ್ಟಿಗೆ ಬಳಸಿದಳು. ಬಾಗಿಲ ಮೇಲೆ ಆಳೆತ್ತರದ ಅಕ್ಷರಗಳು. ನೋಡಲೆಂದು ರಮಾಮಣಿಯೂ ಹೋಗಿದ್ದರು. ಅಲ್ಲಿನ ಕಲಾ ನಿರ್ದೇಶಕನಿಗೆ ಸಂದುಗಳು ಹಿಡಿಸಲಿಲ್ಲ. ಬಣ್ಣ ತುಂಬಿ ಮುಚ್ಚಿಬಿಡೋಣ ಎಂದ. ಶ್ರೇಯಾ ಅತ್ತೆಯ ಮುಖ ನೋಡಿದಳು.

"ಬೇಡ ಅಂತ ಹೇಳು," ಎಂದರು ರಮಾಮಣಿ. "ಮುಚ್ಚಿದ್ರೆ ಯಾರೋ ಬ್ರಷ್ಷಲ್ಲಿ ಬರೆದ ಬೋರ್ಡಾಗುತ್ತೆ. ತಗಡಿಟ್ಟು ಹೊಡೆದಿದ್ದು ಅಂತ ಗೊತ್ತಾಗೋದೇ ಆ ಸಂದಿನಿಂದ. ದೂರ ಹೋಗಿ ನೋಡೋಕೆ ಹೇಳು."

ಆತ ಕ್ಯಾಮೆರಾ ಇಟ್ಟ ಜಾಗಕ್ಕೆ ಹೋಗಿ ನಿಂತು ನೋಡಿದ. ಬಣ್ಣದ ಡಬ್ಬಿ ವಾಪಸು ಹೋಯಿತು.

ಈಗ ರಮಾಮಣಿ ಕನ್ನಡ ಅಂಕಿಗಳಿಗೆ ಕೈ ಹಾಕಿದ್ದಾರೆ. ಬುಡದಲ್ಲಿ ಸಂದು ಬಿಟ್ಟರೆ ೦ ಹೋಗಿ ೧ ಆಗುತ್ತದೆ. ಎಡಕ್ಕೊಂದು, ಬಲಕ್ಕೊಂದು ಬಿಟ್ಟು ನೋಡಿದ್ದಾರೆ, ಚೆನ್ನಾಗಿ ಕೂತಿದೆ.