ಮೇಲಿನಮನೆ ಮದುವೆಯ ಗಾಜು

ಈ ವರ್ಷದ ಫೆಬ್ರವರಿಯಲ್ಲಿ, ಒಂದು ಶನಿವಾರ ಬೆಳಿಗ್ಗೆ, ಶಿರಸಿಯ ಕಾಲೇಜೊಂದರ ಗ್ರಂಥಾಲಯದಲ್ಲಿ ವಿಶೇಷ ಸಂಗ್ರಹಗಳ ಕೋಣೆ ಉದ್ಘಾಟನೆಯಾಯಿತು. ನನ್ನ ಅಜ್ಜ ತೆಗೆದ ಫೋಟೊಗಳ ಗಾಜಿನ ನೆಗೆಟಿವ್‌ಗಳಿದ್ದ ಒಂದು ಮರದ ಪೆಟ್ಟಿಗೆಯನ್ನು ಅಲ್ಲಿಗೆ ಒಪ್ಪಿಸಲಾಯಿತು. ಕುಟುಂಬದ ಪರವಾಗಿ ನನಗೆ ಶಾಲು ಹೊದಿಸಿದರು. ಗ್ರಂಥಪಾಲಕಿ ನಸೀಮಾ ಪೆಟ್ಟಿಗೆಯ ಮುಚ್ಚಳ ಎತ್ತಿದಾಗ ಹಳೆಯ ರಟ್ಟಿನ ವಾಸನೆ ಬಂತು. ಅದರ ಹಿಂದೆಯೇ ಹುಳಿಯೂ ಗಂಧಕವೂ ಬೆರೆತ ಇನ್ನೊಂದು ವಾಸನೆ ಬಂತು. ಅದು ಅಜ್ಜನ ಬೆರಳುಗಳ ವಾಸನೆ. ಅಜ್ಜ ತಿಂಡಿ ಕೊಡಲು ಕೈ ಚಾಚಿದರೆ, ತಿಂಡಿಗಿಂತ ಮೊದಲು ನಮಗೆ ತಟ್ಟುತ್ತಿದ್ದದ್ದು ಅದು.

ಕೆಳಗೆ ಅಂಗಡಿ, ಮೇಲೆ ಸ್ಟುಡಿಯೊ, ಹಿಂದೆ ನಮ್ಮ ಮನೆ. ಸ್ಟುಡಿಯೊದ ಮಾಡಿನಲ್ಲಿ ಉತ್ತರದ ಕಡೆ ಹಂಚು ತೆಗೆದು ಗಾಜು ಕೂರಿಸಿದ್ದರು. ಅಲ್ಲಿಂದ ಇಳಿಯುವ ಬೆಳಕು ಮಜ್ಜಿಗೆಯಷ್ಟು ತೆಳ್ಳಗೆ, ತಣ್ಣಗೆ ಇರುತ್ತಿತ್ತು. ಗೋಡೆಗೆ ಜಲಪಾತ ಬರೆದ ಪರದೆ. ಅದರೆದುರು ಒಂದು ಕುರ್ಚಿ. ಯಲ್ಲಾಪುರ, ಸಿದ್ದಾಪುರದ ಕಡೆಯಿಂದ ಬಸ್ಸಿನಲ್ಲಿ ಬಂದವರು ಮುಖದ ಧೂಳು ತೊಳೆದು, ಅಜ್ಜನೇ ಇಟ್ಟಿದ್ದ ಪೌಡರ್ ಹಚ್ಚಿಕೊಂಡು ಆ ಕುರ್ಚಿಯಲ್ಲಿ ಕೂರುತ್ತಿದ್ದರು. ಕ್ಯಾಮೆರಾದ ಕಪ್ಪು ಬಟ್ಟೆಯೊಳಗಿಂದ ಅಜ್ಜನ ದನಿ ಬರುತ್ತಿತ್ತು: “ಹಂದಬೇಡಿ, ಅಲುಗಾಡಬೇಡಿ ಮಾರಾಯ್ರೆ. ಹಂದಿದ್ರೆ ಮೂಗು ಎರಡು ಬರ್ತದೆ. ಆಮೇಲೆ ಹೆಣ್ಣಿನ ಕಡೆಯವರಿಗೆ ಉತ್ತರ ನೀವೇ ಹೇಳ್ಬೇಕು.” ಅವರು ನಗು ತಡೆದುಕೊಂಡು ಉಸಿರು ಬಿಗಿಹಿಡಿಯುವುದರೊಳಗೆ ಫೋಟೊ ಮುಗಿದಿರುತ್ತಿತ್ತು. ಮದುವೆಗಳಿಗೆ ಅಜ್ಜ ಕ್ಯಾಮೆರಾ ಹೊತ್ತು ತಾನೇ ಹೋಗುತ್ತಿದ್ದ. ಒಣಗಿದ ಪ್ರತಿ ಗಾಜಿನ ಮೂಲೆಯಲ್ಲೂ, ಗಾಜು ಕತ್ತರಿಸುವ ವಜ್ರದ ಮೊನೆಯಿಂದ, ಊರು ಮತ್ತು ಮನೆಯ ಹೆಸರನ್ನು ಸಣ್ಣಗೆ ಕೊರೆಯುತ್ತಿದ್ದ. ಆ ಕಿರುಗುಟ್ಟುವ ಸದ್ದಿಗೆ ನಾವು ಕಿವಿ ಮುಚ್ಚಿಕೊಂಡು ಓಡಿದರೆ ಅವನಿಗೆ ಖುಷಿ.

ಅಜ್ಜ ತೀರಿಕೊಂಡ ಹೊತ್ತಿಗೆ ಗಾಜಿನ ಕಾಲವೂ ಮುಗಿದು ಫಿಲ್ಮ್ ಬಂದಿತ್ತು. ಅಪ್ಪನಿಗೆ ಫೋಟೊ ತೆಗೆಯುವುದಕ್ಕಿಂತ ಫೋಟೊಗಳಿಗೆ ಕಟ್ಟು ಹಾಕುವ ಕೆಲಸ ಹೆಚ್ಚು ಒಗ್ಗಿತು. ಆದರೆ ಹುಬ್ಬಳ್ಳಿಯಿಂದ ಬಸ್ಸಿನ ಟಾಪಿನ ಮೇಲೆ ಬರುವ ಗಾಜು ಅರ್ಧ ಒಡೆದೇ ಇಳಿಯುತ್ತಿತ್ತು. ಮೇಲೆ ಸ್ಟುಡಿಯೊದಲ್ಲಿ ಮಾತ್ರ ಗೋಡೆಯುದ್ದದ ಕಪಾಟುಗಳ ತುಂಬ ತೆಳುವಾದ, ಒಂದು ಗುಳ್ಳೆಯೂ ಇಲ್ಲದ ವಿಲಾಯತಿ ಗಾಜು, ಅಜ್ಜನ ನೆಗೆಟಿವ್‌ಗಳು. ಒಂದು ಚೌತಿಗೆ ಮುಂಚೆ, ದೇವರ ಪಟಗಳ ಕಟ್ಟಿಗೆ ಜನ ಮುಗಿಬಿದ್ದಿದ್ದಾಗ, ಅಪ್ಪ ಕಪಾಟಿನ ಬಾಗಿಲು ತೆಗೆದ. “ಫೋಟೊ ಅವರವರ ಮನೇಲಿದೆ. ಇದು ಬರೀ ಅಚ್ಚು. ಬೆಲ್ಲ ತೆಗೆದ ಮೇಲೆ ಅಚ್ಚಿಗೆ ಯಾರಾದ್ರೂ ಪೂಜೆ ಮಾಡ್ತಾರಾ?” ಎಂದ. ಅಮ್ಮ ಬೇಡವೆನ್ನಲಿಲ್ಲ. ನೆಗೆಟಿವ್‌ನಲ್ಲಿ ಮುಖ ಕಪ್ಪಾಗಿ ಕೂದಲು ಬೆಳ್ಳಗಿರುವ ಆ ಮನುಷ್ಯರು ತಲೆಯ ಮೇಲಿನ ಅಟ್ಟದಲ್ಲಿರುವುದು ಅವಳಿಗೆ ಮೊದಲಿನಿಂದಲೂ ಸರಿಬರುತ್ತಿರಲಿಲ್ಲ. “ಸತ್ತವರೂ ಇದ್ದಾರೆ ಅದರಲ್ಲಿ. ಮನೆಗೆ ಒಳ್ಳೇದಲ್ಲ” ಎನ್ನುತ್ತಿದ್ದಳು.

ಎಲ್ಲರ ಸ್ನಾನ ಮುಗಿದ ಮೇಲೆ ಬಚ್ಚಲ ಹಂಡೆಯಲ್ಲಿ ಉಳಿದ ಬಿಸಿನೀರಿಗೆ ಸೋಡಾ ಪುಡಿ ಹಾಕಿ ಅಮ್ಮ ಗಾಜುಗಳನ್ನು ನೆನೆಸುತ್ತಿದ್ದಳು. ಸ್ವಲ್ಪ ಹೊತ್ತಿಗೆ ಚಿತ್ರ ಹಾಲಿನ ಕೆನೆಯ ಹಾಗೆ ಅಂಚಿನಿಂದ ಸುಕ್ಕಾಗಿ ಏಳುತ್ತಿತ್ತು. ತೆಂಗಿನ ನಾರಿನಿಂದ ಒಮ್ಮೆ ಎಳೆದರೆ ಪೇಟ ಕಟ್ಟಿದ ಯಜಮಾನರು, ತೊಡೆಯ ಮೇಲಿನ ಮಕ್ಕಳು, ಹಸೆಯ ಮೇಲಿನ ವಧೂವರರು ಎಲ್ಲ ಬೂದುಬಣ್ಣದ ಸಿಪ್ಪೆಯಾಗಿ ನೀರಿನ ಜೊತೆ ಹೊರಟು ಹಿತ್ತಲ ಬಾಳೆಗಿಡದ ಬುಡಕ್ಕೆ ಸೇರುತ್ತಿದ್ದರು. ಬಿಸಿಲಿಗೆ ಸಾಲಾಗಿ ನಿಲ್ಲಿಸಿದ ಗಾಜುಗಳು ಹೊಳೆಯುತ್ತಿದ್ದವು. ಪೇಟೆಯಲ್ಲಿ ನಮ್ಮ ಗಾಜಿಗೆ ಒಳ್ಳೆಯ ಹೆಸರು ಬಂತು. “ಸ್ಟುಡಿಯೊದವರ ಗಾಜು ಅಂದ್ರೆ ನೀರು ನೋಡಿದ ಹಾಗೆ” ಎಂದು ಜನ ಹೇಳಿದರೆ ಅಪ್ಪ ಹಿಗ್ಗುತ್ತಿದ್ದ. ಮನೆಯಲ್ಲಿ ಒಬ್ಬರಿಗೂ ಅದು ತಪ್ಪೆಂದು ತೋರಲಿಲ್ಲ. ಅಜ್ಜ ಕೊರೆದ ಅಕ್ಷರಗಳನ್ನು ಸೋಡಾ ಅಳಿಸಲಿಲ್ಲ. ಆದರೆ ಮೂಲೆಯ ಅಕ್ಷರಗಳು ಕಟ್ಟಿನ ಮರದಡಿ ಮುಚ್ಚಿಹೋಗುತ್ತಿದ್ದವು.

ವಜ್ರಳ್ಳಿಯ ಗಿರಿಜಕ್ಕ ಅಂಗಡಿಗೆ ಬಂದದ್ದು ಅದಾದ ಕೆಲವು ವರ್ಷಕ್ಕೆ. ಆಗ ಅವರಿಗೆ ಹೊಸದಾಗಿ ಮದುವೆಯಾಗಿತ್ತು. ಕೈಯಲ್ಲಿ ಬಾಳೆ ಎಲೆಯಲ್ಲಿ ಸುತ್ತಿದ ಮಲ್ಲಿಗೆ ಇತ್ತು. ಅದನ್ನು ನನ್ನ ಕೈಗೆ ಕೊಟ್ಟು, “ಕೂಸೆ, ಅಪ್ಪಯ್ಯ ಇದ್ವನೆ?” ಎಂದು ಕೇಳಿದರು. ಅಪ್ಪ ಬಂದ ಮೇಲೆ ನಿಂತುಕೊಂಡೇ ತಮ್ಮ ತಾಯಿಯ ವಿಷಯ ಹೇಳಿದರು: “ಆನು ಹುಟ್ಟಿದ ವಾರದಲ್ಲೇ ಆಯಿ ಹೋತು. ಅದರ ಮುಖ ಆನು ನೋಡಿದ್ನಿಲ್ಲೆ. ಮದುವೆ ಫೋಟೊ ಒಂದಿತ್ತು, ಒರಲೆ ಹುಳ ತಿಂದ್ಹೋತು. ಗಾಜು ನಿಮ್ಮಲ್ಲಿ ಇರ್ತು ಹೇಳಿ ಅಪ್ಪಯ್ಯ ಹೇಳಿದ. ಮೇಲಿನಮನೆ ಮದುವೆ. ಒಂದ್ಸಲ ಹುಡುಕಿ ನೋಡಿ.”

ಅಪ್ಪ ಅವರನ್ನು ಕೂರಿಸಿ, ಚಹಾ ತರಿಸಿ, ಮೇಲೆ ಹೋದ. ಮೇಲೆ ಕಪಾಟುಗಳು ಖಾಲಿಯಿದ್ದವು. ಅಟ್ಟದ ಹಲಗೆಯ ಮೇಲೆ ಅವನು ಅತ್ತಿಂದಿತ್ತ ನಡೆಯುವ ಸದ್ದು ಕೆಳಗೆ ನಮಗೆಲ್ಲ ಕೇಳುತ್ತಿತ್ತು. ಪ್ರತಿ ಹೆಜ್ಜೆಗೂ ಗಿರಿಜಕ್ಕ ತಲೆ ಎತ್ತುತ್ತಿದ್ದರು. ಅಮ್ಮ ಒಳಬಾಗಿಲಲ್ಲಿ ನಿಂತವಳು ಸೆರಗಿನಿಂದ ಕೈ ಒರೆಸಿಕೊಳ್ಳುತ್ತಲೇ ಇದ್ದಳು. ಅಪ್ಪ ಇಳಿದು ಬಂದು, “ಬೂಷ್ಟು ಹಿಡಿದು ಹಾಳಾಗಿದೆ ತಂಗಿ. ಮಳೆಗಾಲ ನೋಡು ನಮ್ಮದು” ಎಂದ. ಗಿರಿಜಕ್ಕ, “ಹಾಳಾದ್ದೇ ಆಗ್ಲಿ, ತೋರ್ಸಿ” ಎಂದರು. “ಎಸೆದುಬಿಟ್ಟೆ” ಎಂದ ಅಪ್ಪ. ಅವರು ಆಮೇಲೂ ಶಿರಸಿಗೆ ಬಂದಾಗಲೆಲ್ಲ ಅಂಗಡಿಗೆ ಬಂದು ಹೋಗುತ್ತಿದ್ದರು. ಅವರ ದನಿ ಕೇಳಿದರೆ ಅಮ್ಮ ಹಿತ್ತಲಿಗೆ ಹೋಗುತ್ತಿದ್ದಳು.

ಈಗ ಆ ಅಂಗಡಿಯಿಲ್ಲ, ಅಪ್ಪ ಅಮ್ಮ ಇಲ್ಲ. ಬಚ್ಚಲಿದ್ದ ಜಾಗದಲ್ಲಿ ಮೊಬೈಲ್ ಅಂಗಡಿಯ ಹಿಂಗೋಡೆ ಎದ್ದಿದೆ. ಗ್ರಂಥಾಲಯಕ್ಕೆ ಕೊಟ್ಟ ಪೆಟ್ಟಿಗೆ ಉಳಿದದ್ದು ಒಂದೇ ಕಾರಣಕ್ಕೆ: ಅದರಲ್ಲಿದ್ದ ಗಾಜುಗಳು ತೀರ ಚಿಕ್ಕವು, ಕೆಲವು ಬಿರುಕು ಬಿಟ್ಟವು, ಯಾವ ಕಟ್ಟಿಗೂ ಒದಗದವು. ಉದ್ಘಾಟನೆಯ ದಿನ ವೇದಿಕೆಯ ಮೇಲೆ ಒಬ್ಬರು, ಮೂರು ತಲೆಮಾರು ಇತಿಹಾಸವನ್ನು ಕಾಪಾಡಿಕೊಂಡು ಬಂದ ಕುಟುಂಬ ಎಂದು ನಮ್ಮನ್ನು ಹೊಗಳಿದರು. ಎರಡನೇ ಸಾಲಿನಲ್ಲಿ ಗಿರಿಜಕ್ಕ ಕೂತಿದ್ದರು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಕಾರ್ಯಕ್ರಮ ಮುಗಿದ ಮೇಲೆ ಹತ್ತಿರ ಬಂದು ಶಾಲಿನ ಅಂಚನ್ನು ಬೆರಳಲ್ಲಿ ಹಿಡಿದು ನೋಡಿ, “ಶಾಲು ಚೊಲೊ ಇದ್ದು” ಎಂದರು. ಅಷ್ಟೇ ಹೇಳಿ ಬಸ್ಸಿನ ಹೊತ್ತಾಯಿತೆಂದು ಹೊರಟರು. ಆ ಸಂಜೆ ನಸೀಮಾಗೆ ಬಚ್ಚಲು, ಸೋಡಾ, ಮೂಲೆಯ ಅಕ್ಷರ ಎಲ್ಲವನ್ನೂ ಹೇಳಿದೆ. ಅವರು ಪೆಟ್ಟಿಗೆಯಿಂದ ಒಂದು ಗಾಜು ಎತ್ತಿ ಅದರ ಮೂಲೆ ನೋಡಿದರು. ಆಮೇಲೆ, “ಅಕ್ಷರ ಇದ್ರೆ ಹುಡುಕಬಹುದಲ್ಲ” ಎಂದರು.

ಹಳೆಯ ಕಟ್ಟುಗಳನ್ನು ಬಿಚ್ಚಿ ಗಾಜಿನ ಮೂಲೆ ನೋಡಿ ಎಂದು ಅವರು ಗ್ರಂಥಾಲಯದಲ್ಲೂ ಪೇಟೆಯಲ್ಲೂ ಸೂಚನೆ ಅಂಟಿಸಿದರು. ಸೋಂದಾದಿಂದ, ಯಲ್ಲಾಪುರದಿಂದ ಕೆಲವು ಗಾಜುಗಳು ಬಂದವು. ನಿಮ್ಮ ಮನೆಯ ಗೋಡೆಯ ಮೇಲೂ ಅಂಥದೊಂದು ಇರಬಹುದು: ಒಳಗೆ ನಿಮ್ಮ ಅಜ್ಜ, ಮೇಲಿನ ಗಾಜಿನಲ್ಲಿ ಒಮ್ಮೆ ಬೇರೆ ಯಾರೋ. ಮೇ ತಿಂಗಳಲ್ಲಿ ಸಿದ್ದಾಪುರದ ಒಂದು ಮನೆಯವರು ಗಣಪತಿ ಪಟದ ಗಾಜು ತಂದುಕೊಟ್ಟರು. ಮೂಲೆಯಲ್ಲಿ ಅಜ್ಜನ ಕೈಬರಹ: ವಜ್ರಳ್ಳಿ, ಮೇಲಿನಮನೆ ಮದುವೆ.

ಗಾಜು ಸಿಕ್ಕಿದ್ದನ್ನೂ ಬಚ್ಚಲ ಕಥೆಯನ್ನೂ ನಸೀಮಾ ತಿಳಿಸಿದಾಗ ಗಿರಿಜಕ್ಕ ಮರುದಿನವೇ ಬಂದರು. ನಾನೂ ಹೋಗಿದ್ದೆ. ನಸೀಮಾ ಹತ್ತಿಯ ಕೈಗವಸು ಕೊಟ್ಟು, ಹಾಕಿಕೊಂಡು ಹಿಡಿಯಬೇಕು ಎಂದರು.

“ಇದ್ರಲ್ಲಿ ಎಂತೂ ಇಲ್ಲೆ. ಕೈಗೆ ಚೀಲ ಎಂತಕ್ಕೆ?”

“ಒಮ್ಮೊಮ್ಮೆ ಚಿತ್ರ ಹೊಗೆಯಷ್ಟಾದ್ರೂ ಉಳಿದಿರ್ತದೆ ಅಕ್ಕ. ಬೆಂಗಳೂರಲ್ಲಿ ಪರೀಕ್ಷೆ ಮಾಡೋರಿಗೆ ಕಳಿಸಿ ನೋಡ್ಸೋಣ.”

ಗಿರಿಜಕ್ಕ ಕೈಗವಸು ಹಾಕಿಕೊಂಡು ಗಾಜನ್ನು ಕಿಟಕಿಯ ಕಡೆಗೆ ಎತ್ತಿ ಹಿಡಿದರು. ಅದರಾಚೆ ಕಾಲೇಜಿನ ಮೈದಾನ, ಸೈಕಲ್ಲುಗಳು ಸ್ಪಷ್ಟವಾಗಿ ಕಾಣುತ್ತಿದ್ದವು. “ನಿನ್ನ ಅಮ್ಮ ಚೊಲೊ ತಿಕ್ಕಿದ್ದು” ಎಂದು ನನ್ನ ಕಡೆ ನೋಡದೆ ಹೇಳಿದರು.

ಬೆಂಗಳೂರಿನಲ್ಲಿ ಪರೀಕ್ಷಿಸಿದವರಿಗೆ ಗಾಜಿನಲ್ಲಿ ಏನೂ ಸಿಗಲಿಲ್ಲ. ಅದನ್ನು ನಸೀಮಾ ದಪ್ಪ ಕಾಗದದಲ್ಲಿ ಸುತ್ತಿ, ಉಳಿದ ಗಾಜುಗಳ ನಡುವೆ ನಿಲ್ಲಿಸಿದ್ದಾರೆ. ಹೊರಗಿನ ಚೀಟಿಯಲ್ಲಿ ‘ವಜ್ರಳ್ಳಿ, ಮೇಲಿನಮನೆ ಮದುವೆ. ಚಿತ್ರ ಇಲ್ಲ’ ಎಂದಿದೆ. ಕಳೆದ ವಾರ ಗಿರಿಜಕ್ಕ ಮತ್ತೆ ಬಂದಿದ್ದರೆಂದು ನಸೀಮಾ ಫೋನಿನಲ್ಲಿ ತಿಳಿಸಿದರು. ಆ ಗಾಜನ್ನೇ ಕೇಳಿ ತೆಗೆಸಿಕೊಂಡು, ತಾವಾಗಿಯೇ ಕೈಗವಸು ಹಾಕಿಕೊಂಡು, ಕಿಟಕಿಯ ಪಕ್ಕದ ಮೇಜಿನಲ್ಲಿ ಊಟದ ಹೊತ್ತಿನವರೆಗೆ ಕೂತಿದ್ದು ಹೋದರಂತೆ.